ತೊಡುವವನನ್ನು ಕೇಳಿ ಮಾಡಿದ ಪಾದ

ಓದುಗರು ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಬಹುದು. ಮೊಣಕಾಲಿನ ಕೆಳಭಾಗವು ಪಾದಕ್ಕೆ ಲಂಬವಾಗಿಯೇ ಇರುವಂತೆ ಬಿಗಿಹಿಡಿದು, ಹಿಮ್ಮಡಿಯನ್ನು ನೆಲದಿಂದ ಎತ್ತದೆ, ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಲು ಯತ್ನಿಸಿರಿ. ಹಿಂದಕ್ಕೆ ಬೀಳುವಿರಿ! ದೇಹದ ಗುರುತ್ವಕೇಂದ್ರವು ಹಿಮ್ಮಡಿಯಿಂದ ಹಿಂದಕ್ಕೆ ಸರಿಯುವುದೇ ಇದಕ್ಕೆ ಕಾರಣ. ಪಾದದ ಕೀಲು ಬಾಗಿದರೆ ಮಾತ್ರವೇ ನಾವು ಹಾಗೆ ಕುಳಿತುಕೊಳ್ಳಬಲ್ಲೆವು.

ಕಾಲು ಕಳೆದುಕೊಂಡ ಬಡವನ ಬಾಳಿನಲ್ಲಿ ಈ ಚಿಕ್ಕ ಸಂಗತಿ ಎಷ್ಟು ದೊಡ್ಡದೆಂಬುದು 1960ರ ದಶಕದಲ್ಲಿ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ತಿಳಿದುಬಂದಿತು. ಅಂದಿನ ಪಾಶ್ಚಾತ್ಯ ಮಾದರಿಯ ಕೃತಕ ಪಾದದೊಳಗೆ ಮರದ ಗಟ್ಟಿ ತಿರುಳಿತ್ತು. ಅದರ ಕೀಲು ಬಾಗದು. ಅದನ್ನು ಬೂಟಿನೊಳಗೆ ಇರಿಸಿಯೇ ನಡೆಯಬೇಕು. ಕುರ್ಚಿಯಲ್ಲಿ ಕುಳಿತು, ಸಮತಲವಾದ ನೆಲದ ಮೇಲೆ ನಡೆಯುವವರಿಗೆ ಅದು ತಕ್ಕ ಸಾಧನವೇ ಸರಿ. ಆದರೆ ನಮ್ಮ ಹಳ್ಳಿಗನು ಬರಿಗಾಲಿನಲ್ಲಿ ನೀರು ಹಾಯಿಸಿದ ಹೊಲವನ್ನು ತುಳಿಯಬೇಕು. ಚಕ್ಕಳಮಕ್ಕಳ ಹಾಕಿ ಉಣ್ಣಬೇಕು. ದೇವಾಲಯದ ಬಾಗಿಲಲ್ಲಿ ಪಾದರಕ್ಷೆಯನ್ನು ಬಿಡಬೇಕು. ಆದುದರಿಂದ ಅನೇಕರು ಆ ಕಾಲನ್ನು ಮೂಲೆಗಿಟ್ಟು ಮತ್ತೆ ಊರುಗೋಲನ್ನೇ ಹಿಡಿದರು.

ದೋಷವು ರೋಗಿಯದೋ, ಸಾಧನದ್ದೋ? ಅಲ್ಲಿನ ಅಸ್ಥಿ ಚಿಕಿತ್ಸಕರಾದ ಡಾಕ್ಟರ್ ಪ್ರಮೋದ ಕರಣ್ ಸೇಥಿಯವರು ರೋಗಿಗಳ ಮಾತಿಗೆ ಕಿವಿಗೊಟ್ಟರು. ಅವರಿಗೆ ಜೊತೆಯಾದವರು ರಾಮಚಂದ್ರ ಶರ್ಮಾ; ಹೆಚ್ಚು ಶಾಲೆ ಕಲಿಯದಿದ್ದರೂ ಕೈಯಲ್ಲಿ ಅಪಾರ ಜಾಣ್ಮೆಯುಳ್ಳ ಕುಶಲಕರ್ಮಿ. ಇವರ ಶ್ರಮದಿಂದ 1968ರ ಸುಮಾರಿಗೆ 'ಜೈಪುರ ಪಾದ'ವು ರೂಪುಗೊಂಡಿತು.

ಅದರ ರಚನೆ ಹೀಗಿದೆ: ಹಿಮ್ಮಡಿಗೂ ಮುಂಗಾಲಿಗೂ ಮೃದುವಾದ ರಬ್ಬರಿನ ತುಂಡುಗಳು, ಮೇಲ್ಭಾಗಕ್ಕೆ ಮರದ ತುಂಡು. ಇವೆಲ್ಲವನ್ನೂ ಟೈರಿನಲ್ಲಿ ಬಳಸುವ ನೂಲುಸಹಿತವಾದ ರಬ್ಬರಿನಿಂದ ಬಿಗಿದು, ಚರ್ಮದ ಬಣ್ಣದ ರಬ್ಬರನ್ನು ಹೊದಿಸಿ, ಅಚ್ಚಿನಲ್ಲಿಟ್ಟು ಕಾಯಿಸುವರು. ಕಾವಿನಲ್ಲಿ ಗಂಧಕವು ರಬ್ಬರಿನ ಉದ್ದುದ್ದ ಅಣುಗಳ ನಡುವೆ ಸೇತುವೆಗಳನ್ನು ಕಟ್ಟುವುದರಿಂದ ರಬ್ಬರು ಗಟ್ಟಿಯಾದರೂ ಬಾಗುವ ಗುಣವನ್ನು ಬಿಡದು. ಆದಕಾರಣ ಈ ಪಾದವು ಮೇಲಕ್ಕೆ ಬಾಗುತ್ತದೆ, ಪಕ್ಕಕ್ಕೆ ಹೊರಳುತ್ತದೆ, ಏರುತಗ್ಗಿಗೆ ಹೊಂದಿಕೊಳ್ಳುತ್ತದೆ, ನೀರಿಗೂ ಅಂಜದು. ಬೆರಳುಗಳನ್ನೂ ಮೂಡಿಸಿರುವುದರಿಂದ ಬೂಟಿನ ಮರೆ ಬೇಕಿಲ್ಲ.

ಇದು ದೋಷರಹಿತವೆಂದಲ್ಲ. ತೂಕ ತುಸು ಹೆಚ್ಚು. ಕೈಯಿಂದ ಮಾಡುವುದಾದ್ದರಿಂದ ಎಲ್ಲ ಪಾದಗಳೂ ಒಂದೇ ಗುಣಮಟ್ಟದವಾಗಿರುವುದು ಕಷ್ಟ. ಆದರೂ 1975ರಲ್ಲಿ ಜೈಪುರದಲ್ಲಿ ಸ್ಥಾಪಿತವಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯು ಇದನ್ನು ಉಚಿತವಾಗಿ ಲಕ್ಷಾಂತರ ಜನರಿಗೆ ತೊಡಿಸಿದೆ. ಸೇಥಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಸಂದಿತು.

ಉಳ್ಳವರಿಗೂ ಇಲ್ಲದವರಿಗೂ ಆರೋಗ್ಯದಲ್ಲಿರುವ ಅಂತರವು ಹಣದಿಂದಷ್ಟೇ ಹುಟ್ಟುವುದಿಲ್ಲ. ಒಬ್ಬರ ಬಾಳಿಗೆಂದು ಅಳೆದ ಸಾಧನವನ್ನು ಮತ್ತೊಬ್ಬರಿಗೆ ತೊಡಿಸಿದಾಗಲೂ ಅದು ಹುಟ್ಟುತ್ತದೆ. ನಾಳೆ ವೈದ್ಯರೋ ಎಂಜಿನಿಯರರೋ ಆಗಲಿರುವ ತರುಣರು ಅಳತೆಪಟ್ಟಿಯನ್ನು ಹಿಡಿಯುವ ಮುನ್ನ, "ನೀವು ಹೇಗೆ ಕುಳಿತುಕೊಳ್ಳುವಿರಿ?" ಎಂದು ಕೇಳುವುದನ್ನು ಕಲಿಯಲಿ. ಆ ಪ್ರಶ್ನೆಯೂ ವಿಜ್ಞಾನದ ಭಾಗವೇ.