ಎದೆಯ ಆಪರೇಷನ್‌ಗೆ ಬೆನ್ನಿಗೇಕೆ ಸೂಜಿ?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮ ತಂದೆಯವರಿಗೆ ಶ್ವಾಸಕೋಶದ ಆಪರೇಷನ್ ಇದೆ. ನೋವಿಗೆಂದು ಬೆನ್ನಿನಲ್ಲಿ ‘ಎಪಿಡ್ಯೂರಲ್’ ನಳಿಕೆ ಇಡುತ್ತಾರಂತೆ. ಮಾತ್ರೆ ಸಾಲದೇ? ಬೆನ್ನುನೋವು ಉಳಿಯುವುದಿಲ್ಲವೇ?
(ಓದುಗರು, ವೈದ್ಯನಾಥಪುರ, ಮದ್ದೂರು ತಾಲ್ಲೂಕು)

ಉತ್ತರ: ಪಕ್ಕೆಲುಬುಗಳ ನಡುವೆ ಕೊಯ್ದ ನೋವು ಮಿಕ್ಕ ಗಾಯಗಳ ನೋವಿನಂತಲ್ಲ. ಕಾಲಿಗೆ ವಿಶ್ರಾಂತಿ ಕೊಡಬಹುದು; ಎದೆ ಪ್ರತಿ ಉಸಿರಿಗೂ ಅಲುಗಲೇಬೇಕು. ನೋವಿಗೆ ಹೆದರಿ ರೋಗಿ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮು ತಡೆಯುತ್ತಾರೆ. ಕಫ ಕಟ್ಟಿ ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಆದ್ದರಿಂದ ಇಲ್ಲಿ ನೋವು ತಗ್ಗಿಸುವುದು ಚಿಕಿತ್ಸೆಯದೇ ಭಾಗ. ಮಾತ್ರೆ ಬೇಕು, ಆದರೆ ಅದಷ್ಟೇ ಸಾಮಾನ್ಯವಾಗಿ ಸಾಲದು. ನೋವು ತಗ್ಗಿಸುವ ಮಾರ್ಫಿನ್ ಹೆಚ್ಚಿಸಿದರೆ ಮಂಪರು ಕವಿದು ಉಸಿರೇ ನಿಧಾನವಾಗುತ್ತದೆ. ಎಪಿಡ್ಯೂರಲ್‌ನಲ್ಲಿ ಬೆನ್ನುಹುರಿಯ ಹೊರಪೊರೆಯ ಆಚೆ ತೆಳು ನಳಿಕೆ ಇಟ್ಟು, ಬುಪಿವಕೇನ್‌ನಂಥ ಔಷಧವನ್ನು ಕೆಲವು ದಿನ ಸಣ್ಣ ಪ್ರಮಾಣದಲ್ಲಿ ಬಿಡುತ್ತಾರೆ. ಎದೆಭಾಗದ ನರಗಳು ಮರಗಟ್ಟುತ್ತವೆ, ರೋಗಿ ಎಚ್ಚರವಾಗಿದ್ದು ಕೆಮ್ಮಬಲ್ಲರು. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ಜೀವನವಿಡೀ ಬೆನ್ನುನೋವು ಬರುತ್ತದೆಂಬುದಕ್ಕೆ ಗಟ್ಟಿ ಆಧಾರವಿಲ್ಲ.

ಹಾಗೆಂದು ಅಪಾಯವೇ ಇಲ್ಲವೆನ್ನಲಾಗದು. ರಕ್ತದೊತ್ತಡ ಇಳಿಯಬಹುದು, ಮೂತ್ರ ಕಟ್ಟಬಹುದು. ರಕ್ತ ಶೇಖರವಾಗಿ ಬೆನ್ನುಹುರಿಯನ್ನು ಒತ್ತುವುದು ತೀರ ಅಪರೂಪ, ಆದರೆ ಗಂಭೀರ. ಇದಕ್ಕೇ ಒಂದು ಬದಿಯ ನರಗಳಿಗಷ್ಟೇ ಔಷಧ ಕೊಡುವ ‘ಪ್ಯಾರಾವರ್ಟಿಬ್ರಲ್’ ವಿಧಾನವೂ ಬಳಕೆಯಲ್ಲಿದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2016ರ ಕಾಕ್ರೇನ್ ವಿಮರ್ಶೆಯ ಪ್ರಕಾರ ನೋವು ತಗ್ಗಿಸುವುದರಲ್ಲಿ ಅದು ಎಪಿಡ್ಯೂರಲ್‌ಗೆ ಸಮ, ಸಣ್ಣಪುಟ್ಟ ತೊಂದರೆ ಕಡಿಮೆ. ಎರಡರಲ್ಲಿ ಯಾವುದು ಸೂಕ್ತವೆಂದು ಅರಿವಳಿಕೆ ತಜ್ಞರನ್ನೇ ಕೇಳಿ. ತಂದೆಯವರು ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ದಯವಿಟ್ಟು ಮೊದಲೇ ತಿಳಿಸಿ. ಆಪರೇಷನ್ ಆದಮೇಲೆ ಕಾಲಿನ ಶಕ್ತಿ ಕುಂದಿದರೆ ಆ ಕ್ಷಣವೇ ನರ್ಸನ್ನು ಕರೆಯಿರಿ.