ನನ್ನ ನೋಟ ಅಳೆದ ಕಳ್ಳಿಪೀರ

ಅಬ್ಬಾ, ಎಂಥ ಹಸಿರು! ಶಹಾಬಾದಿನಿಂದ ವಾಡಿಯ ಕಡೆಗೆ ಹೋಗುವಾಗ, ಕಲ್ಲು ತೆಗೆದು ಬಿಟ್ಟ ಹಳೆಯ ಪರ್ಸಿ ಗಣಿ. ಏಪ್ರಿಲ್ ಬಿಸಿಲಿಗೆ ಬಂಡೆಯೂ ಬಿಳಿ, ಜಾಲಿ ಎಲೆಯ ಮೇಲಿನ ದೂಳೂ ಬಿಳಿ. ಆ ಬಿಳುಪಿನ ನಡುವೆ, ತಂತಿಯ ಮೇಲೆ, ಗೇಣುದ್ದದ ಕಳ್ಳಿಪೀರ! ನೆತ್ತಿಗೆ ಬಂಗಾರದ ಲೇಪ, ಕಣ್ಣಿಗೆ ಕಾಡಿಗೆಯ ಗೆರೆ, ಕೊರಳಲ್ಲಿ ಕಪ್ಪು ಪಟ್ಟಿ, ಬಾಲದ ನಡುವಿನಿಂದ ಚಾಚಿದ ಎರಡು ಸೂಜಿಗರಿ. ಇಷ್ಟೆಲ್ಲ ಸೇರಿ ತೂಕ 20 ಗ್ರಾಂ ಆಸುಪಾಸು!

ಸುಯ್ಯನೆ ಹಾರಿತು. ಗಾಳಿಯಲ್ಲೇ ಜೇನುನೊಣ ಹಿಡಿದು ಅದೇ ತಂತಿಗೆ ಮರಳಿತು. ಟಪ್, ಟಪ್, ಟಪ್! ಬಡಿದು, ಉಜ್ಜಿ, ಕೊಂಡಿ ಕಳಚಿತು. ಆದರೆ ನುಂಗಲಿಲ್ಲ. ಕೊಕ್ಕಿನಲ್ಲಿ ಕಚ್ಚಿಕೊಂಡೇ ಕೂತಿತು. ಐದು ನಿಮಿಷ. ಹತ್ತು ನಿಮಿಷ.

ಎದುರಿಗೇ ಗೂಡು. ಬಂಡೆಯ ಪದರುಗಳ ಮೇಲೆ ಉಳಿದ ಮಣ್ಣಿನ ಗೋಡೆಯಲ್ಲಿ ಒಂದು ಬಿಲ. ಕೊಕ್ಕಿನಿಂದ ಕೆದರಿ, ಕಾಲಿನಿಂದ ಮಣ್ಣು ಹೊರಗೊದ್ದು, ಮೀಟರಿಗೂ ಉದ್ದ ಕೊರೆಯಬಲ್ಲದು ಈ ಪುಟಾಣಿ! ಒಳಗೆ ಹುಲ್ಲಿಲ್ಲ, ಹತ್ತಿಯಿಲ್ಲ; ಬರಿ ಮಣ್ಣಿನ ಮೇಲೆ ಬಿಳಿಯ ದುಂಡು ಮೊಟ್ಟೆ, ಆಮೇಲೆ ಮರಿ. ಚಿತ್ತಾಪುರ, ಸೇಡಂ ಸೀಮೆಯ ಗಣಿಯಂಚುಗಳನ್ನು ಇನ್ನು ಮೇಲೆ ನಾನು ಬರಿದೆ ದಾಟಲಾರೆ.

"ನೀವ್ ಬಿಲಾ ನೋಡ್ಕೋತ ನಿಂತ್ರ ಅದು ಒಳಗ ಹೋಗಲ್ರಿ," ಅಂದರು ಆಡು ಮೇಯಿಸುತ್ತಿದ್ದ ಮುತ್ಯಾ.

ಮೈ ಜುಮ್ಮೆಂದಿತು. ಪುಣೆಯ ಜೀವವಿಜ್ಞಾನಿ ಮಿಲಿಂದ ವಾಟ್ವೆ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ್ದು ಇದನ್ನೇ! ಮನುಷ್ಯ ನಿಂತ ದೂರ ಒಂದೇ ಇದ್ದರೂ, ಅವನಿಗೆ ಬಿಲ ಕಾಣುವಂತಿದ್ದರೆ ಕಳ್ಳಿಪೀರ ಒಳಹೋಗಲು ಹಿಂಜರಿಯುತ್ತದೆ. ಕಾಣದಂತಿದ್ದರೆ ಅಷ್ಟು ಅಂಜುವುದಿಲ್ಲ. ತನಗೆ ಕಾಣುವುದಷ್ಟೇ ಅಲ್ಲ, ಎದುರಿನವನಿಗೆ ಏನು ಕಾಣುತ್ತಿದೆ ಎಂಬ ಅಂದಾಜೂ ಆ ಪುಟ್ಟ ತಲೆಯೊಳಗೆ ಇದೆ!

ಪರ್ಸಿ ಚೂರುಗಳ ರಾಶಿಯ ಪಕ್ಕಕ್ಕೆ ಸರಿದೆ. ಬಿಲ ಮರೆಯಾಯಿತು. ಹಕ್ಕಿ ನನಗೆ, ನಾನು ಹಕ್ಕಿಗೆ ಇನ್ನೂ ಕಾಣುತ್ತಿದ್ದೆವು, ದೂರವೂ ಅಷ್ಟೇ. ಅದು ತಲೆ ಓರೆ ಮಾಡಿತು. ನನ್ನತ್ತ ನೋಡಿತು. ರಾಶಿಯ ಆಚೆಗೆ ಇಳಿಯಿತು.

ಉಸಿರು ಬಿಗಿಹಿಡಿದು ಕಾದೆ. ಮತ್ತೆ ತಂತಿಗೆ ಬಂದು ಕೂತಿತು. ಕೊಕ್ಕು ಖಾಲಿ!