ಗೋಳಗುಮ್ಮಟ: ಕೂಗುವ ಮೊದಲು ಕತ್ತೆತ್ತಿ ನೋಡಿ

ವಿಜಯಪುರಕ್ಕೆ ರೈಲಿನಲ್ಲಿ ಬರುವವರಿಗೆ ಊರಿಗಿಂತ ಮೊದಲು ಗುಮ್ಮಟ ಕಣ್ಣಿಗೆ ಬೀಳುತ್ತದೆ. ಶಾಲಾ ಪ್ರವಾಸದ ಮಕ್ಕಳು ಬಸ್ಸಿಳಿದವರೇ ಮೂಲೆಯ ಮಿನಾರಿನ ಮೆಟ್ಟಿಲು ಹತ್ತಿ ಪಿಸುಮಾತಿನ ಗ್ಯಾಲರಿಗೆ ಓಡುತ್ತಾರೆ. ತಮ್ಮ ಹೆಸರು ಏಳು ಸಲ ಮಾರ್ದನಿಸಿತೇ ಎಂದು ಎಣಿಸಿ ಇಳಿದುಬಿಡುತ್ತಾರೆ. ಹತ್ತುವ ಮೊದಲು ಕೆಳಗಿನ ಹಜಾರದಲ್ಲಿ ಐದು ನಿಮಿಷ ಸುಮ್ಮನೆ ನಿಂತು ಮೇಲೆ ನೋಡಿ ಎಂಬುದು ನನ್ನ ಮನವಿ.

ಬದಿಯೊಂದಕ್ಕೆ ಸುಮಾರು 41 ಮೀಟರ್ ಇರುವ ಚೌಕದ ಹಜಾರವದು. ನಡುವೆ ಒಂದು ಕಂಬವೂ ಇಲ್ಲ. ಮೇಲಿರುವ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ಅದರ ದಪ್ಪವೇ 3 ಮೀಟರಿನಷ್ಟು. ಚೌಕದ ಗೋಡೆಗಳ ಮೇಲೆ ಇಂಥ ದುಂಡು ಭಾರವನ್ನು ಕೂರಿಸಿದ್ದು ಹೇಗೆ? ಉತ್ತರ ಅಲ್ಲೇ ತಲೆಯ ಮೇಲಿದೆ. ಎಂಟು ದೊಡ್ಡ ಕಮಾನುಗಳು ಒಂದನ್ನೊಂದು ಹಾಯ್ದು, ಓರೆಯಾಗಿ ಒಂದರ ಮೇಲೊಂದಿಟ್ಟ ಎರಡು ಚೌಕಗಳ ಹಾಗೆ ಎಂಟು ಮೊನೆಯ ನಕ್ಷತ್ರವನ್ನು ಮೂಡಿಸುತ್ತವೆ. ಮೇಲೇರುತ್ತ ಅವು ಒಳಕ್ಕೆ ಚಾಚಿ ದುಂಡನೆಯ ಕಟ್ಟೆಯಾಗುತ್ತವೆ. ಗುಮ್ಮಟ ಆ ಕಟ್ಟೆಯ ಅಂಚಿನಲ್ಲಿಲ್ಲ, ಹಿಂದಕ್ಕೆ ಸರಿದು ಕೂತಿದೆ. ಭಾರ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಒಳಚಾಚಿದ ಗಾರೆಕಟ್ಟಿನ ತೂಕ ಅವನ್ನು ಒಳಕ್ಕೆ ಜಗ್ಗಿ ಹಿಡಿಯುತ್ತದೆ. ನಾವು ನಿಂತು ಕೂಗುವ ಗ್ಯಾಲರಿ ಆ ಕಟ್ಟೆಯ ಮೇಲೆಯೇ ಉಳಿದ ಜಾಗ. ಮಾರ್ದನಿಯನ್ನು ಬೆರಗಿನಿಂದ ಕೇಳುವವರಿಗೆ ಈ ಲೆಕ್ಕಾಚಾರವನ್ನೂ ಯಾರಾದರೂ ತೋರಿಸಿಕೊಡಬೇಕು. ಅದನ್ನು ಅರಿತು ಹತ್ತಿದರೆ ಕಾಲ ಕೆಳಗಿನ ಕಲ್ಲಿನ ಬಗ್ಗೆಯೇ ಗೌರವ ಬರುತ್ತದೆ.

ಇಲ್ಲಿ ಮಲಗಿರುವವನು 1627ರಿಂದ 1656ರವರೆಗೆ ಆಳಿದ ಮೊಹಮ್ಮದ್ ಆದಿಲ್ ಶಾಹ್. ಅವನ ಪತ್ನಿಯರು, ಮಗಳು, ಮೊಮ್ಮಗ ಮತ್ತು ಅವನಿಗೆ ಪ್ರಿಯಳಾಗಿದ್ದ ರಂಭಾ ಜೊತೆಗಿದ್ದಾರೆ. ಹಜಾರದ ಜಗಲಿಯ ಮೇಲೆ ಕಾಣುವುದು ಗುರುತಿನ ಗೋರಿಗಳು, ನಿಜವಾದ ಸಮಾಧಿಗಳು ನೆಲಮಾಳಿಗೆಯಲ್ಲಿವೆ. ದಕ್ಷಿಣ ಬಾಗಿಲಿನ ಮೇಲಿನ ಪಾರ್ಸಿ ಶಾಸನವನ್ನು ತಪ್ಪಿಸಬೇಡಿ. ಅದರಲ್ಲಿ ಮೂರು ವಾಕ್ಯಗಳು. ಅಕ್ಷರಗಳಿಗಿರುವ ಸಂಖ್ಯೆಗಳನ್ನು ಕೂಡಿಸಿದರೆ ಮೂರರಲ್ಲೂ ಸುಲ್ತಾನ ತೀರಿಕೊಂಡ ಹಿಜರಿ 1067 ಬರುತ್ತದೆ.

ಊರಿನ ಪಶ್ಚಿಮಕ್ಕೆ ಅವನ ತಂದೆ ಎರಡನೇ ಇಬ್ರಾಹಿಮನ ಗೋರಿ ಇಬ್ರಾಹಿಂ ರೋಜಾ ಇದೆ. ಅಲ್ಲಿ ಕಲ್ಲಿನ ಜಾಲಂಧ್ರಗಳಲ್ಲೇ ಅಕ್ಷರಗಳನ್ನು ಕೊರೆದಿದ್ದಾರೆ. ಅಷ್ಟು ನಾಜೂಕಿನ ಕೆಲಸವನ್ನು ಮೀರಿಸುವುದು ಕಷ್ಟವೆಂದೇ ಮಗ ಗಾತ್ರದ ದಾರಿ ಹಿಡಿದನೆಂದು ಹೇಳುವುದುಂಟು. ಎರಡನ್ನೂ ನೋಡಿದ ಮೇಲೆ ನನಗೂ ಹಾಗೇ ಅನ್ನಿಸಿದೆ. ಮೊಮ್ಮಗ ಎರಡನೇ ಅಲಿ ಇನ್ನೂ ದೊಡ್ಡದಕ್ಕೆ ಕೈಹಾಕಿದ. 1672ರಲ್ಲಿ ಅವನು ತೀರಿಕೊಂಡಾಗ ಕೆಲಸ ಅರ್ಧಕ್ಕೇ ಉಳಿದಿತ್ತು. ಅದೇ ಇಂದಿನ ಬಾರಾ ಕಮಾನ್.

ಪ್ರವಾಸದ ಬಸ್ಸುಗಳು ಬರುವ ಮೊದಲು, ಬೆಳಗ್ಗೆಯೇ ಗುಮ್ಮಟಕ್ಕೆ ಹೋಗಿ. ಪಿಸುಮಾತು ಎದುರು ಬದಿಗೆ ಸ್ಪಷ್ಟವಾಗಿ ಕೇಳುವುದು ಆಗಲೇ. ಇಳಿದ ಮೇಲೆ ಎದುರಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯ ನೋಡಿ, ಟಾಂಗಾ ಹಿಡಿದು ಬಾರಾ ಕಮಾನ್, ಇಬ್ರಾಹಿಂ ರೋಜಾ ಎರಡನ್ನೂ ಅದೇ ದಿನ ಮುಗಿಸಬಹುದು.